ಪರಿಚಯ ಬೆಳೆಸುವುದು ಪರದೆಯಲ್ಲೋ, ಎದುರುಬದುರೋ? ಕೆಲಸ ಹುಡುಕುವವರೂ ಸಣ್ಣ ಉದ್ದಿಮೆದಾರರೂ ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನಲ್ಲಿ ಕೆಲಸ ಹುಡುಕುತ್ತಿರುವವರು, ಇರುವ ಕೆಲಸ ಬಿಟ್ಟು ಬೇರೆ ಕಡೆ ಹೋಗಬೇಕೆಂದಿರುವವರು, ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ಸಣ್ಣ ಘಟಕ ನಡೆಸುತ್ತ ಹೊಸ ಗಿರಾಕಿಗಳನ್ನು ಹುಡುಕುವವರು, ಈ ಮೂರೂ ಬಗೆಯವರಿಗಾಗಿ ಈ ಪುಟ. ಊರಿನಲ್ಲೇ ಇದ್ದುಕೊಂಡು ಪರಿಚಯ ಬೆಳೆಸಬೇಕೆನ್ನುವವರಿಗೂ ಕೆಳಗೆ ಉತ್ತರವಿದೆ.

ಆನ್‌ಲೈನ್, ಮುಖಾಮುಖಿ: ಎರಡರಲ್ಲಿ ಯಾವುದು ಹೆಚ್ಚು ಫಲ ಕೊಡುತ್ತದೆ?

ಎರಡೂ ಮಾಡುವ ಕೆಲಸವೇ ಬೇರೆ. ಯಾರು ಎಲ್ಲಿದ್ದಾರೆ, ಯಾವ ಕಂಪನಿಯಲ್ಲಿ ಜಾಗ ಖಾಲಿ ಇದೆ, ನಮ್ಮ ಕಾಲೇಜಿನವರು ಅಲ್ಲಿ ಯಾರಾದರೂ ಇದ್ದಾರೆಯೇ ಎಂದು ಹುಡುಕುವುದಕ್ಕೆ ಆನ್‌ಲೈನ್‌ಗೆ ಸಾಟಿಯಿಲ್ಲ. ಈ ವ್ಯಕ್ತಿಯ ಮಾತು ನಂಬಬಹುದೇ, ಇವರ ಪರವಾಗಿ ನನ್ನ ಹೆಸರು ಪಣಕ್ಕಿಡಬಹುದೇ ಎಂದು ತೀರ್ಮಾನಿಸುವುದಕ್ಕೆ ಅರ್ಧ ಗಂಟೆ ಎದುರು ಕೂತು ಮಾತಾಡಿದಷ್ಟು ನೆರವಾಗುವುದು ಇನ್ನೊಂದಿಲ್ಲ. ಹುಡುಕುವುದು ಪರದೆಯಲ್ಲಿ, ನಂಬಿಕೆ ಹುಟ್ಟುವುದು ಎದುರಿನಲ್ಲಿ, ಆಮೇಲೆ ಆ ನಂಬಿಕೆಯನ್ನು ಬಾಡದಂತೆ ಇಟ್ಟುಕೊಳ್ಳುವುದು ಮತ್ತೆ ಪರದೆಯಲ್ಲಿ.

ಕೈಸೋಲುವವರು ಹೆಚ್ಚಾಗಿ ಒಂದರ ಕೆಲಸವನ್ನು ಇನ್ನೊಂದರಿಂದ ಮಾಡಿಸಲು ಹೋದವರು. ಮುಖ ನೋಡದವರ ಬಳಿ ಮೊದಲ ಮೆಸೇಜಿನಲ್ಲೇ ರೆಫರಲ್ (ಕಂಪನಿಯೊಳಗಿನವರ ಶಿಫಾರಸು) ಕೇಳುವುದು ಒಂದು ತಪ್ಪು. ಸಮ್ಮೇಳನದಲ್ಲಿ 40 ಕಾರ್ಡು ಕೂಡಿಸಿಕೊಂಡು ಬಂದು ಒಬ್ಬರಿಗೂ ನಾಲ್ಕು ಸಾಲು ಬರೆಯದಿರುವುದು ಇನ್ನೊಂದು ತಪ್ಪು.

ಹತ್ತಿರದ ಗೆಳೆಯರು, ಬಂಧುಗಳು ಇದ್ದಾರಲ್ಲ, ಅಪರಿಚಿತರ ಹಿಂದೆ ಏಕೆ ಹೋಗಬೇಕು?

ಹತ್ತಿರದವರಿಗೆ ಗೊತ್ತಿರುವುದು ಬಹುಪಾಲು ನಿಮಗೂ ಗೊತ್ತಿರುತ್ತದೆ. ಒಂದೇ ಆಫೀಸು, ಒಂದೇ ವಾಟ್ಸಾಪ್ ಗುಂಪು, ಒಂದೇ ಸುದ್ದಿ. ಹೊಸ ಸುದ್ದಿ ಬರುವುದು ಬೇರೆ ವಲಯದಲ್ಲಿ ಓಡಾಡುವವರಿಂದ.

ಇದನ್ನು ಮೊದಲು ಅಂಕಿಗಳಲ್ಲಿ ತೋರಿಸಿದವರು ಅಮೆರಿಕದ ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್, 1973ರಲ್ಲಿ. ಬಾಸ್ಟನ್ ಬಳಿಯ ನ್ಯೂಟನ್ ಪಟ್ಟಣದಲ್ಲಿ ಪರಿಚಯದವರ ಮೂಲಕ ಕೆಲಸ ಸಿಕ್ಕವರನ್ನು ಅವರು ಒಂದು ಸರಳ ಪ್ರಶ್ನೆ ಕೇಳಿದರು: ಆ ಪರಿಚಯದವರನ್ನು ಆಗ ಎಷ್ಟು ಸಲ ಭೇಟಿಯಾಗುತ್ತಿದ್ದಿರಿ? ವಾರಕ್ಕೆ ಎರಡು ಸಲವಾದರೂ ನೋಡುತ್ತಿದ್ದೆವು ಎಂದವರು 16.7% ಮಾತ್ರ. ಆಗೊಮ್ಮೆ ಈಗೊಮ್ಮೆ ಎಂದವರು 55.6%. ವರ್ಷಕ್ಕೊಮ್ಮೆಯೋ ಅದಕ್ಕಿಂತ ಕಡಿಮೆಯೋ ಎಂದವರು 27.8%. ಮಾದರಿ ಚಿಕ್ಕದು, ಆದರೂ ಅದು ತೋರಿದ ದಾರಿ ಗಟ್ಟಿಯಾಗಿ ಉಳಿಯಿತು.

2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನ ಕೆಲಸದ ಪರಿಚಯಗಳಿಗೆಂದೇ ಇರುವ ಜಾಲತಾಣ ಲಿಂಕ್ಡ್‌ಇನ್‌ನ ಸುಮಾರು 2 ಕೋಟಿ ಬಳಕೆದಾರರನ್ನು ಐದು ವರ್ಷ ಗಮನಿಸಿತು. ಕೆಲಸ ಬದಲಿಸಲು ಹೆಚ್ಚು ನೆರವಾದದ್ದು ತೀರಾ ಅಪರಿಚಿತರೂ ಅಲ್ಲ, ತೀರಾ ಆಪ್ತರೂ ಅಲ್ಲ. ನಡುವಿನ ಪರಿಚಯ, ಅಂದರೆ ಇಬ್ಬರಿಗೂ ಗೊತ್ತಿರುವ ಕೆಲವರಾದರೂ ಇರುವಂಥದ್ದು. ಅದೇ ಅಧ್ಯಯನದ ಇನ್ನೊಂದು ಮಾತು ಕರ್ನಾಟಕದವರಿಗೆ ಮುಖ್ಯ: ಡಿಜಿಟಲ್ ಕೆಲಸ ಹೆಚ್ಚಿರುವ ಉದ್ಯಮಗಳಲ್ಲಿ ದೂರದ ಪರಿಚಯ ಹೆಚ್ಚು ಫಲ ಕೊಟ್ಟಿತು, ಡಿಜಿಟಲ್ ಕಡಿಮೆ ಇರುವ ಕಡೆ ಹತ್ತಿರದ ನಂಟೇ ಮೇಲಾಯಿತು. ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕೆಲಸಕ್ಕೆ ನಡೆಯುವ ದಾರಿ ಪೀಣ್ಯದ ಮಷೀನ್ ಶಾಪಿಗೆ ಹಾಗೇ ನಡೆಯುವುದಿಲ್ಲ. ಅಲ್ಲಿ ಯಾರ ಮೂಲಕ ಬಂದಿರಿ ಎಂಬುದೇ ಮೊದಲ ಪ್ರಶ್ನೆ.

ಇದು ವಶೀಲಿ ಹಚ್ಚುವುದೇ ಅಲ್ಲವೇ?

ಅಲ್ಲ, ಮತ್ತು ಈ ಗೊಂದಲದಿಂದಲೇ ಎಷ್ಟೋ ಪ್ರಾಮಾಣಿಕರು ಹಿಂದೆ ಉಳಿಯುತ್ತಾರೆ. ವಶೀಲಿ ಎಂದರೆ ಯೋಗ್ಯತೆಯನ್ನು ಬದಿಗೆ ಸರಿಸಿ ಹಿಂಬಾಗಿಲಿನಿಂದ ಒಳಗೆ ಬಿಡಿಸುವುದು. ಪರಿಚಯದವರು ಮಾಡುವುದು ಇಷ್ಟು: ಕೆಲಸ ಖಾಲಿ ಇದೆ ಎಂಬ ಸುದ್ದಿ ಹೇಳುತ್ತಾರೆ, ನಿಮ್ಮ ರೆಸ್ಯೂಮೆ ಒಬ್ಬರ ಕಣ್ಣಿಗೆ ಬೀಳುವಂತೆ ಮಾಡುತ್ತಾರೆ. ಸಂದರ್ಶನ ನೀವೇ ಎದುರಿಸಬೇಕು. ಅಪ್ಪ ಅಮ್ಮನ ಕಡೆಯಿಂದ ಒಬ್ಬ ಇಂಜಿನಿಯರನ್ನೂ ಅರಿಯದ ಮನೆಯ ಮಕ್ಕಳಿಗೆ ಈ ಸುದ್ದಿ ತಾನಾಗಿ ಬರುವುದಿಲ್ಲ, ಆದ್ದರಿಂದ ಅವರು ಸಂಕೋಚ ಬಿಟ್ಟು ಕೇಳುವುದು ನ್ಯಾಯವೇ. ಸರ್ಕಾರಿ ನೇಮಕಾತಿಯ ವಿಷಯ ಬೇರೆ: ಅಲ್ಲಿ ಪರೀಕ್ಷೆ, ಮೆರಿಟ್ ಪಟ್ಟಿ ಬಿಟ್ಟು ಬೇರೆ ದಾರಿ ತೋರಿಸುತ್ತೇನೆ ಎನ್ನುವವರಿಂದ ದೂರವಿರಿ.

ಲಿಂಕ್ಡ್‌ಇನ್ ಪ್ರೊಫೈಲಿನಲ್ಲಿ ಮೊದಲು ಏನು ಸರಿಮಾಡಬೇಕು?

ಹೆಡ್‌ಲೈನ್. ಹೆಸರಿನ ಕೆಳಗಿನ ಈ ಸಾಲಿಗೆ 220 ಅಕ್ಷರಗಳ ಜಾಗವಿದೆ, ಆದರೆ ಮೊಬೈಲಿನ ಹುಡುಕಾಟದ ಪಟ್ಟಿಯಲ್ಲಿ ಕಾಣುವುದು ಅದರ ಮೊದಲ ತುಂಡು ಮಾತ್ರ. ‘ಉತ್ಸಾಹಿ, ಕಲಿಯುವ ಹಂಬಲವುಳ್ಳ ಪದವೀಧರ’ ಎಂದು ಶುರುಮಾಡಿದರೆ ಆ ತುಂಡು ವ್ಯರ್ಥ. ‘ಸಿಎನ್‌ಸಿ ಪ್ರೋಗ್ರಾಮರ್, ಫ್ಯಾನುಕ್ ಮತ್ತು ಸೀಮೆನ್ಸ್ ಕಂಟ್ರೋಲ್, 3 ವರ್ಷ’ ಎಂದು ಬರೆದರೆ ಹುಡುಕುವವರ ಪದಗಳಿಗೇ ಅದು ತಾಳೆಯಾಗುತ್ತದೆ. ನೇಮಕಾತಿಯವರು ಹುಡುಕುವುದು ಹುದ್ದೆ, ಯಂತ್ರ, ಭಾಷೆ, ಊರು ಇಂಥ ಪದಗಳಿಂದಲೇ.

ಆಮೇಲೆ ಕಾಲೇಜಿನ ಹೆಸರು. ಇದನ್ನು ಟೈಪ್ ಮಾಡಿ ಬಿಟ್ಟುಬಿಡಬೇಡಿ. ಟೈಪ್ ಮಾಡುವಾಗ ಕೆಳಗೆ ಬರುವ ಪಟ್ಟಿಯಿಂದಲೇ ಆರಿಸಿ. ಪಟ್ಟಿಯಿಂದ ಆರಿಸದಿದ್ದರೆ ನಿಮ್ಮ ಹೆಸರು ಕಾಲೇಜಿನ ಪುಟಕ್ಕೆ ಜೋಡಣೆಯಾಗುವುದಿಲ್ಲ, ಹಳೆ ವಿದ್ಯಾರ್ಥಿಗಳ ಪಟ್ಟಿಯಲ್ಲಿ ನೀವು ಕಾಣುವುದಿಲ್ಲ. ಆ ಪಟ್ಟಿ ಬಹಳ ಬೆಲೆಯುಳ್ಳದ್ದು. ಕಾಲೇಜಿನ ಪುಟ ತೆರೆದು ಅಲುಮ್ನೈ ವಿಭಾಗಕ್ಕೆ ಹೋದರೆ, ಎಲ್ಲಿ ವಾಸವಿದ್ದಾರೆ, ಯಾವ ಕಂಪನಿಯಲ್ಲಿದ್ದಾರೆ, ಯಾವ ಕೆಲಸ ಮಾಡುತ್ತಾರೆ ಎಂದು ಜರಡಿ ಹಿಡಿಯಬಹುದು. ತುಮಕೂರಿನ ಒಂದು ಕಾಲೇಜಿನಲ್ಲಿ ಓದಿ ಈಗ ಪುಣೆಯ ಆಟೊಮೊಬೈಲ್ ಕಂಪನಿಗಳಲ್ಲಿರುವವರು ಯಾರು ಎಂಬುದು ಎರಡು ನಿಮಿಷದಲ್ಲಿ ಗೊತ್ತಾಗುತ್ತದೆ.

ಫೋಟೊ ಮದುವೆಯ ಗುಂಪಿನಿಂದ ಕತ್ತರಿಸಿದ್ದಾಗಬಾರದು. ಹಗಲು ಬೆಳಕಿನಲ್ಲಿ, ಗೋಡೆಯ ಮುಂದೆ, ಮುಖ ಸ್ಪಷ್ಟವಾಗಿದ್ದರೆ ಸಾಕು. ಸ್ಟುಡಿಯೊ ಬೇಡ.

ಕೆಲಸ ಹುಡುಕುತ್ತಿದ್ದೇನೆ ಎಂದು ತೋರಿಸುವ ‘ಓಪನ್ ಟು ವರ್ಕ್’ ಎರಡು ಬಗೆ: ಎಲ್ಲರಿಗೂ ಕಾಣುವುದು, ನೇಮಕಾತಿಯವರಿಗೆ ಮಾತ್ರ ಕಾಣುವುದು. ಎರಡನೆಯದರಲ್ಲಿ ನಿಮ್ಮದೇ ಕಂಪನಿಯ ನೇಮಕಾತಿಯವರಿಗೆ ಕಾಣದಂತೆ ಲಿಂಕ್ಡ್‌ಇನ್ ಪ್ರಯತ್ನಿಸುತ್ತದೆ, ಪೂರ್ತಿ ಭರವಸೆ ಕೊಡುವುದಿಲ್ಲ. ವಿಷಯ ಹೊರಬಿದ್ದರೆ ತೊಂದರೆ ಎನ್ನುವವರು ಅದನ್ನು ಹಾಕದಿರುವುದೇ ಒಳ್ಳೆಯದು.

ಗೊತ್ತಿಲ್ಲದವರಿಗೆ ಮೊದಲ ಮೆಸೇಜ್ ಹೇಗೆ ಬರೆಯಬೇಕು?

ಕನೆಕ್ಷನ್ ಕೇಳುವಾಗ ಜೊತೆಗೆ ಚಿಕ್ಕ ಟಿಪ್ಪಣಿ ಸೇರಿಸಬಹುದು. ಉಚಿತ ಖಾತೆಯಲ್ಲಿ ತಿಂಗಳಿಗೆ ಇಂಥ ಟಿಪ್ಪಣಿಗಳು ಕೆಲವೇ ಸಿಗುತ್ತವೆ, ಒಂದೊಂದಕ್ಕೂ 200 ಅಕ್ಷರಗಳ ಮಿತಿ. ಆದ್ದರಿಂದ ನಿಜವಾಗಿ ಬೇಕಾದವರಿಗೆ ಮಾತ್ರ ಅವನ್ನು ಖರ್ಚು ಮಾಡಿ. ಕನ್ನಡದಲ್ಲಿ ಬರೆಯುವವರು ಒಂದು ಲೆಕ್ಕ ನೆನಪಿಡಬೇಕು: ಕಂಪ್ಯೂಟರಿಗೆ ಒತ್ತಕ್ಷರ, ಗುಣಿತದ ಚಿಹ್ನೆ ಎಲ್ಲವೂ ಬೇರೆ ಬೇರೆ. ‘ಸ್ತ್ರೀ’ ಎಂಬ ನಮ್ಮ ಒಂದೇ ಅಕ್ಷರ 6 ಎಂದು ಎಣಿಕೆಯಾಗುತ್ತದೆ. ಹಾಗಾಗಿ ಕನ್ನಡದ ಟಿಪ್ಪಣಿ ಇಪ್ಪತ್ತು ಪದಗಳ ಆಸುಪಾಸಿನಲ್ಲಿ ಮುಗಿಯಬೇಕು.

‘ನಮಸ್ಕಾರ ಮೇಡಂ. ನಾನೂ ನಿಮ್ಮ ಕಾಲೇಜು, 2024ರ ಬ್ಯಾಚ್. ಡೇಟಾಬೇಸ್ ಇಂಡೆಕ್ಸ್ ಬಗ್ಗೆ ನೀವು ಬರೆದದ್ದು ಓದಿದೆ. ಒಂದು ಪ್ರಶ್ನೆ ಇದೆ, ಕನೆಕ್ಟ್ ಆಗಬಹುದೇ?’

ಇದರಲ್ಲಿ ಮೂರು ಸಂಗತಿಗಳಿವೆ: ನಿಮಗೂ ಅವರಿಗೂ ಏನು ನಂಟು, ಅವರದ್ದೇ ಯಾವ ಕೆಲಸ ನೋಡಿ ಬರೆಯುತ್ತಿದ್ದೀರಿ, ಏನು ಕೇಳುತ್ತಿದ್ದೀರಿ. ‘ಹಾಯ್ ಸರ್’ ಎಂದಷ್ಟೇ ಬರೆದು ಉತ್ತರಕ್ಕೆ ಕಾಯುವುದು ಕೆಲಸಕ್ಕೆ ಬರುವುದಿಲ್ಲ. ಓದುವವರಿಗೆ ಏನು ಉತ್ತರಿಸಬೇಕೆಂದೇ ಗೊತ್ತಾಗದೆ ಪಕ್ಕಕ್ಕಿಡುತ್ತಾರೆ, ಆಮೇಲೆ ಮರೆಯುತ್ತಾರೆ.

ಒಪ್ಪಿಕೊಂಡ ಮೇಲೆ ಕೇಳುವ ಪ್ರಶ್ನೆ ಐದು ನಿಮಿಷದಲ್ಲಿ ಉತ್ತರಿಸುವಂಥದ್ದಾಗಿರಲಿ. ‘ನನಗೆ ಮಾರ್ಗದರ್ಶನ ಮಾಡಿ’ ಎಂದರೆ ಅದಕ್ಕೆ ತುದಿ ಮೊದಲಿಲ್ಲ. ‘ಟೆಸ್ಟಿಂಗ್‌ನಿಂದ ಡೇಟಾ ಇಂಜಿನಿಯರಿಂಗ್‌ಗೆ ನೀವು ಬಂದಾಗ ಮೊದಲು ಕಲಿತದ್ದು ಸ್ಪಾರ್ಕ್ ಆಗಿತ್ತೇ, ಎಸ್‌ಕ್ಯೂಎಲ್ ಆಗಿತ್ತೇ?’ ಎಂದರೆ ಬಸ್ಸಿನಲ್ಲಿ ಕೂತೇ ಉತ್ತರ ಬರೆಯಬಹುದು. ಪ್ರಶ್ನೆ ಚಿಕ್ಕದಾದಷ್ಟೂ ಉತ್ತರ ಬರುವ ಸಾಧ್ಯತೆ ಹೆಚ್ಚು.

ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಎಂಬುದನ್ನು ಅವರು ಬರೆಯುವ ರೀತಿ ನೋಡಿ ಆರಿಸಿ. ಸರ್, ಮೇಡಂ ಎನ್ನುವುದು ಕರ್ನಾಟಕದಲ್ಲಿ ಯಾರಿಗೂ ಬೇಸರ ತರುವುದಿಲ್ಲ. ‘ಹೆಸರು ಹಿಡಿದೇ ಕರೆಯಿರಿ’ ಎಂದು ಅವರೇ ಹೇಳಿದರೆ ಹಾಗೇ ಮಾಡಿ. ವಯಸ್ಸಾದವರನ್ನು ಆನ್‌ಲೈನ್‌ನಲ್ಲಿ ಅಣ್ಣ, ಅಕ್ಕ ಎನ್ನುವುದು ಸಲುಗೆ ಬೆಳೆದ ಮೇಲೆ ಇರಲಿ.

ಉತ್ತರ ಬರದಿದ್ದರೆ ಎಷ್ಟು ಸಲ ನೆನಪಿಸಬಹುದು?

ಒಂದು ಸಲ, ಏಳರಿಂದ ಹತ್ತು ದಿನ ಬಿಟ್ಟು. ಬರೀ ‘ನೋಡಿದ್ರಾ ಸರ್?’ ಎನ್ನಬೇಡಿ, ಹೊಸದೇನಾದರೂ ಸೇರಿಸಿ: ಆ ಪ್ರಶ್ನೆಯ ಅರ್ಧ ಉತ್ತರ ನಿಮಗೇ ಸಿಕ್ಕಿದ್ದರೆ ಅದನ್ನು ತಿಳಿಸಿ. ಆಮೇಲೂ ಮೌನವಾದರೆ ಬಿಟ್ಟುಬಿಡಿ. ಕಳಿಸಿದ ಆಹ್ವಾನವನ್ನು ಹಿಂತೆಗೆದುಕೊಂಡರೆ ಅದೇ ವ್ಯಕ್ತಿಗೆ ಮತ್ತೆ ಕಳಿಸಲು ಮೂರು ವಾರದ ತನಕ ಆಗುವುದಿಲ್ಲ ಎಂಬುದೂ ಗೊತ್ತಿರಲಿ.

ರೆಫರಲ್ ಕೇಳುವ ಸರಿಯಾದ ಕ್ರಮ ಯಾವುದು?

ಕಂಪನಿಯೊಳಗಿರುವವರು ರೆಫರ್ ಮಾಡುವುದು ಸಾಮಾನ್ಯವಾಗಿ ಒಂದು ಆಂತರಿಕ ಪೋರ್ಟಲಿನಲ್ಲಿ. ಅಲ್ಲಿ ಅವರು ನಿರ್ದಿಷ್ಟ ಹುದ್ದೆಯ ಸಂಖ್ಯೆ, ನಿಮ್ಮ ಹೆಸರು, ಇಮೇಲ್, ಫೋನ್, ರೆಸ್ಯೂಮೆ ತುಂಬಬೇಕು. ಎಷ್ಟೋ ಕಡೆ ‘ಇವರನ್ನು ಹೇಗೆ ಬಲ್ಲಿರಿ, ಏಕೆ ಸೂಕ್ತ?’ ಎಂಬ ಪ್ರಶ್ನೆಯೂ ಇರುತ್ತದೆ. ‘ನಿಮ್ಮ ಕಂಪನಿಯಲ್ಲಿ ಏನಾದರೂ ಇದ್ದರೆ ಹೇಳಿ’ ಎಂದು ಕೇಳಿದರೆ ಇಷ್ಟೂ ಕೆಲಸವನ್ನು ಅವರ ತಲೆಗೆ ಕಟ್ಟಿದಂತೆ, ಅದಕ್ಕೇ ಅದು ಮುಂದೆ ಹೋಗುವುದಿಲ್ಲ.

ನೀವೇ ಕಂಪನಿಯ ಕೆರಿಯರ್ಸ್ ಪುಟಕ್ಕೆ ಹೋಗಿ ಹುದ್ದೆ ಆರಿಸಿ. ಅದರ ಸಂಖ್ಯೆ ಮತ್ತು ಲಿಂಕ್, ಒಂದು ಪುಟದ ಪಿಡಿಎಫ್ ರೆಸ್ಯೂಮೆ (ಫೈಲಿನ ಹೆಸರಿನಲ್ಲಿ ನಿಮ್ಮ ಹೆಸರೂ ಹುದ್ದೆಯೂ ಇರಲಿ), ‘ಏಕೆ ಸೂಕ್ತ’ ಎಂಬುದಕ್ಕೆ ಅವರು ಹಾಗೇ ನಕಲು ಮಾಡಬಹುದಾದ ಮೂರು ಸಾಲು ಎಲ್ಲವನ್ನೂ ಒಂದೇ ಮೆಸೇಜಿನಲ್ಲಿ ಕಳಿಸಿ. ಒಂದು ಎಚ್ಚರ: ರೆಫರಲ್ ಕೇಳುವ ಮುನ್ನ ನೀವೇ ಅರ್ಜಿ ಹಾಕಿಬಿಟ್ಟರೆ ಹಲವು ಕಂಪನಿಗಳ ವ್ಯವಸ್ಥೆ ಅದೇ ಇಮೇಲಿನ ರೆಫರಲ್ ಸ್ವೀಕರಿಸುವುದಿಲ್ಲ. ಮೊದಲು ಕೇಳಿ, ನಂತರ ಅರ್ಜಿ.

ಸ್ನೇಹಿತನ ಸ್ನೇಹಿತನಾದರೆ ನಡುವಿನವರಿಂದ ಒಂದು ಮಾತು ಹೇಳಿಸಿ. ದಾಕ್ಷಿಣ್ಯಕ್ಕೆ ಬಿದ್ದು ‘ಆಯ್ತು ನೋಡೋಣ’ ಎನ್ನುವವರನ್ನು ಒತ್ತಾಯಿಸಬೇಡಿ. ಒಲ್ಲದ ಮನಸ್ಸಿನ ರೆಫರಲ್ಲಿನಲ್ಲಿ ಆ ಮೂರು ಸಾಲು ಖಾಲಿ ಇರುತ್ತದೆ, ಎಚ್‌ಆರ್‌ಗೆ ಅದು ಗೊತ್ತಾಗುತ್ತದೆ.

ಬೆಂಗಳೂರಿನಲ್ಲಿ ಮುಖಾಮುಖಿ ಪರಿಚಯಕ್ಕೆ ಎಲ್ಲಿ ಹೋಗಬೇಕು?

ನಿಮ್ಮ ಕಸುಬಿನವರು ಸೇರುವ ಜಾಗಕ್ಕೆ. ಎಲ್ಲರಿಗೂ ಎಂದು ಕರೆಯುವ ‘ನೆಟ್‌ವರ್ಕಿಂಗ್ ಸಂಜೆ’ಗಳಲ್ಲಿ ಬಂದವರೆಲ್ಲ ಏನಾದರೂ ಮಾರಲು ಬಂದವರೇ ಆಗಿರುತ್ತಾರೆ, ಕೊಳ್ಳುವವರು ಸಿಗುವುದು ವಿರಳ.

ಸಾಫ್ಟ್‌ವೇರಿನವರಿಗೆ ಬೆಂಗಳೂರಿನಷ್ಟು ಅನುಕೂಲದ ಊರು ದೇಶದಲ್ಲಿ ಇನ್ನೊಂದಿಲ್ಲ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಬಳಸುವವರ ಬ್ಯಾಂಗ್‌ಪೈಪರ್ಸ್ ಬಳಗ ಇಲ್ಲಿದೆ. ಆ ಭಾಷೆಯವರದೇ ಆದ ಪೈಕಾನ್ ಇಂಡಿಯಾದ ಮೊದಲ ಸಮ್ಮೇಳನ 2009ರಲ್ಲಿ ಇಲ್ಲೇ ನಡೆಯಿತು. ಮುಕ್ತ ತಂತ್ರಾಂಶದವರ ಇಂಡಿಯಾಫಾಸ್ ಸಮ್ಮೇಳನ ಕೂಡ ಇಲ್ಲಿನದು. ಶನಿವಾರ ಬೆಳಗಿನ 30–40 ಜನರ ಮೀಟಪ್ ಸಾವಿರಾರು ಜನರ ಸಮ್ಮೇಳನಕ್ಕಿಂತ ಒಳ್ಳೆಯದು, ಏಕೆಂದರೆ ಮುಂದಿನ ತಿಂಗಳೂ ಅದೇ ಮುಖಗಳು ಬರುತ್ತವೆ. ಪರಿಚಯ ಗಟ್ಟಿಯಾಗುವುದು ಮೂರನೆಯ ಸಲ ಕಂಡಾಗ.

ಯಂತ್ರೋಪಕರಣ, ಬಿಡಿಭಾಗ ತಯಾರಿಕೆಯವರಿಗೆ ತುಮಕೂರು ರಸ್ತೆಯ ಬಿಐಇಸಿ ಪ್ರದರ್ಶನ ಕೇಂದ್ರದಲ್ಲಿ ಜನವರಿಯಲ್ಲಿ ನಡೆಯುವ ಇಮ್‌ಟೆಕ್ಸ್ ಜಾತ್ರೆಯಿದ್ದಂತೆ. ಲೋಹ ಕತ್ತರಿಸುವ ಯಂತ್ರಗಳದ್ದು ಒಂದು ವರ್ಷ, ರೂಪಕೊಡುವ ಯಂತ್ರಗಳದ್ದು ಮರುವರ್ಷ. ನಿಮಗೆ ಬೇಕಾದದ್ದು ಯಾವುದೆಂದು ನೋಡಿ ಹೋಗಿ. 2024ರ ನವೆಂಬರಿನಲ್ಲಿ ಹಸಿರು ಮಾರ್ಗದ ಮೆಟ್ರೊ ಮಾದಾವರದವರೆಗೆ ಬಂದ ಮೇಲೆ ಅಲ್ಲಿಗೆ ಕಾರಿನ ಹಂಗಿಲ್ಲ. ಬೆಸ ಸಂಖ್ಯೆಯ ವರ್ಷಗಳಲ್ಲಿ ಯಲಹಂಕದ ಏರೊ ಇಂಡಿಯಾ, ಪ್ರತಿ ವರ್ಷ ಬೆಂಗಳೂರು ಟೆಕ್ ಸಮಿಟ್ ಇವೆ.

ಇನ್ನು ವರ್ಷಪೂರ್ತಿ ನಡೆಯುವ ಸಂಸ್ಥೆಗಳು: 1916ರಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಹುಟ್ಟಿ ಇಂದು ಎಫ್‌ಕೆಸಿಸಿಐ ಆಗಿರುವ ವಾಣಿಜ್ಯ ಮಂಡಳಿ, ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ, ಪೀಣ್ಯ ಕೈಗಾರಿಕಾ ಸಂಘ, ಮಹಿಳಾ ಉದ್ಯಮಿಗಳಿಗೆ 1983ರಿಂದ ಇರುವ ಅವೇಕ್. ಸದಸ್ಯತ್ವ ಪಡೆದರೆ ಸಾಲದು, ಯಾವುದಾದರೂ ಒಂದು ಉಪಸಮಿತಿಯ ಕೆಲಸ ಕೈಗೆತ್ತಿಕೊಳ್ಳಿ. ಜಿಎಸ್‌ಟಿ ಕಾರ್ಯಾಗಾರದ ಕುರ್ಚಿ ಜೋಡಿಸುವ ಹೊತ್ತಿನಲ್ಲಿ ಆಗುವ ಪರಿಚಯ ಸಭೆಯಲ್ಲಿ ಕೇಳಿ ಎದ್ದುಬಂದಾಗ ಆಗುವುದಿಲ್ಲ.

ಸಮ್ಮೇಳನಕ್ಕೆ ಹೋದೆ, ಯಾರ ಜೊತೆಯೂ ಮಾತಾಡಲಾಗದೆ ಬಂದೆ. ಏನು ಮಾಡಬೇಕಿತ್ತು?

ಕೆಲಸ ಹಿಂದಿನ ವಾರವೇ ಶುರುವಾಗಬೇಕು. ಭಾಷಣಕಾರರು, ಸ್ಟಾಲಿನವರ ಪಟ್ಟಿ ಜಾಲತಾಣದಲ್ಲಿರುತ್ತದೆ. ಅದರಲ್ಲಿ ಐದು ಹೆಸರು ಗುರುತು ಹಾಕಿ, ಇಬ್ಬರಿಗೆ ‘ಗುರುವಾರ ನಿಮ್ಮ ಮಾತಿನ ನಂತರ ಐದು ನಿಮಿಷ ಸಿಗಬಹುದೇ?’ ಎಂದು ಬರೆದಿಡಿ. ಆಗ ಅಲ್ಲಿ ನೀವು ಪೂರ್ತಿ ಅಪರಿಚಿತರಲ್ಲ.

ಆ ದಿನ ಬೇಗ ಹೋಗಿ. ನೋಂದಣಿಯ ಸಾಲಿನಲ್ಲಿ, ಮೊದಲ ಕಾಫಿಯ ಹೊತ್ತಿನಲ್ಲಿ ಜನ ಒಂಟಿಯಾಗಿರುತ್ತಾರೆ. ಹನ್ನೊಂದು ಗಂಟೆಗೆ ಗುಂಪುಗಳು ಕಟ್ಟಿಕೊಂಡಿರುತ್ತವೆ, ಒಳಹೋಗುವುದು ಕಷ್ಟ. ಇಬ್ಬರು ಮುಖಕ್ಕೆ ಮುಖ ಕೊಟ್ಟು ನಿಂತಿದ್ದರೆ ನಡುವೆ ಹೋಗಬೇಡಿ. ಮೂರು ನಾಲ್ಕು ಜನ ಅರ್ಧವೃತ್ತದಲ್ಲಿ ಜಾಗ ಬಿಟ್ಟು ನಿಂತಿದ್ದರೆ ಹೋಗಿ ನಿಂತು ಕೇಳಿಸಿಕೊಳ್ಳಿ. ಸ್ಟಾಲಿನವರ ಜೊತೆ ಮಾತಾಡಲು ಊಟದ ನಂತರದ ಎರಡೂವರೆಯಿಂದ ನಾಲ್ಕರ ಹೊತ್ತು ಒಳ್ಳೆಯದು, ನೂಕುನುಗ್ಗಲು ಕಡಿಮೆ. ಕೊನೆಯ ದಿನದ ಕೊನೆಯ ಗಂಟೆ ಮಾತ್ರ ಬೇಡ, ಆಗ ಅವರು ಸಾಮಾನು ಕಟ್ಟುತ್ತಿರುತ್ತಾರೆ.

ದಿನಕ್ಕೆ ನಾಲ್ಕೈದು ನಿಜವಾದ ಮಾತುಕತೆ ಸಾಕು. ಹದಿನೈದಾದರೆ ಮರುದಿನ ಯಾರು ಯಾರೆಂದು ನೆನಪಿರುವುದಿಲ್ಲ.

ಸಂಕೋಚ ಸ್ವಭಾವದವನು. ಮಾತು ಹೇಗೆ ಶುರುಮಾಡಲಿ, ಹೇಗೆ ಮುಗಿಸಲಿ?

ಶುರುಮಾಡಲು ಸುತ್ತಲಿನದೇ ಸಾಕು. ‘ಈಗಿನ ಮಾತು ಕೇಳಿದ್ರಾ?’, ‘ನೀವು ಯಾವ ಕಡೆ ಕೆಲಸ ಮಾಡ್ತೀರಿ?’ ಆಮೇಲೆ ಅವರು ಹೇಳಿದ್ದರಲ್ಲೇ ಒಂದು ಎಳೆ ಹಿಡಿದು ಕೇಳಿ. ಯಾವ ಊರಿನವರು ಎಂದು ಕೇಳುವುದು ನಮ್ಮಲ್ಲಿ ಸಹಜ, ಅದು ಮಾತು ತೆರೆಯುತ್ತದೆ. ಆದರೆ ಅಡ್ಡಹೆಸರು, ಮನೆತನ, ಜಾತಿ ತಿಳಿಯುವ ಕಡೆಗೆ ಪ್ರಶ್ನೆ ಹೊರಳಿದರೆ ಎದುರಿನವರು ಮುದುಡಿಕೊಳ್ಳುತ್ತಾರೆ. ಅಲ್ಲಿಗೆ ಹೋಗಲೇಬೇಡಿ.

ನಿಮ್ಮ ಬಗ್ಗೆ ಹೇಳಲು 20 ಸೆಕೆಂಡಿನ ಮಾತು ಮೊದಲೇ ಬಾಯಿಪಾಠವಾಗಿರಲಿ: ಏನು ಮಾಡುತ್ತೀರಿ, ಯಾರಿಗಾಗಿ, ಈಗ ಏನು ಹುಡುಕುತ್ತಿದ್ದೀರಿ. ಮುಗಿಸುವುದು ಹೆಚ್ಚು ಜನರಿಗೆ ಕಷ್ಟ. ‘ನಿಮ್ಮನ್ನು ತುಂಬ ಹೊತ್ತು ಹಿಡಿದುಕೊಂಡೆ, ನಂಬರ್ ತಗೊಳ್ಳಲಾ? ನಾಳೆ ಆ ಡ್ರಾಯಿಂಗ್ ಕಳಿಸ್ತೀನಿ’ ಎಂದರೆ ಮಾತು ಮುಗಿಯುತ್ತದೆ, ನಂಟು ಮುಂದುವರಿಯುತ್ತದೆ.

ಸಂಕೋಚದವರಿಗೆ ಇನ್ನೊಂದು ಒಳದಾರಿ ಸ್ವಯಂಸೇವೆ. ನೋಂದಣಿ ಮೇಜಿನ ಹಿಂದೆ ಕೂತರೆ ಜನರೇ ನಿಮ್ಮ ಬಳಿ ಬರುತ್ತಾರೆ.

ಇಂಗ್ಲಿಷ್ ಸರಾಗವಾಗಿ ಬರುವುದಿಲ್ಲ. ಆನ್‌ಲೈನ್‌ಗೇ ಸೀಮಿತವಾಗಲೇ?

ಬೇಡ. ಬರವಣಿಗೆಯನ್ನು ತಿದ್ದಿಕೊಳ್ಳಲು ಸಮಯ ಸಿಗುತ್ತದೆ ಎಂಬುದು ನಿಜ, ಆನ್‌ಲೈನ್ ಆ ಮಟ್ಟಿಗೆ ಅನುಕೂಲ. ಆದರೆ ಬೆಂಗಳೂರಿನ ಯಾವ ಸಭೆಯಲ್ಲೂ ಕನ್ನಡ ಬಲ್ಲವರು ಇದ್ದೇ ಇರುತ್ತಾರೆ. ‘ಕನ್ನಡದಲ್ಲಿ ಮಾತಾಡಬಹುದಾ ಸರ್?’ ಎಂದು ಕೇಳಿದಾಗ ಎಷ್ಟೋ ಜನರ ಮುಖ ಅರಳುತ್ತದೆ. ತಾಂತ್ರಿಕ ಪದ ಇಂಗ್ಲಿಷಿನದ್ದೇ ಇರಲಿ, ವಾಕ್ಯ ಕನ್ನಡದ್ದಾಗಲಿ. ಕೆಲಸ ಬಲ್ಲವರು ಗಮನಿಸುವುದು ನೀವು ಬಳಸುವ ವ್ಯಾಕರಣವನ್ನಲ್ಲ, ಟಾಲರೆನ್ಸ್ (ಅಳತೆಯಲ್ಲಿ ಬಿಡಬಹುದಾದ ವ್ಯತ್ಯಾಸ) ಎಷ್ಟು ಹಿಡಿಯುತ್ತೀರಿ ಎಂಬ ಪ್ರಶ್ನೆಗೆ ತಡವರಿಸದೆ ಹೇಳುವ ಉತ್ತರವನ್ನು.

ಈಗಲೂ ವಿಸಿಟಿಂಗ್ ಕಾರ್ಡ್ ಬೇಕೇ?

ಸಾಫ್ಟ್‌ವೇರಿನವರಿಗೆ ಬೇಡ. ಲಿಂಕ್ಡ್‌ಇನ್ ಆ್ಯಪಿನ ಮೇಲಿರುವ ಸರ್ಚ್ ಬಾರಿನ ತುದಿಯಲ್ಲಿ ಕ್ಯೂಆರ್ ಚಿಹ್ನೆ ಇದೆ. ಅದನ್ನು ಒತ್ತಿ ನಿಮ್ಮ ಕೋಡನ್ನು ಮೊದಲೇ ಗ್ಯಾಲರಿಗೆ ಉಳಿಸಿಕೊಂಡಿರಿ. ದೊಡ್ಡ ಹಾಲ್‌ಗಳಲ್ಲಿ ಸಾವಿರಾರು ಫೋನುಗಳ ನಡುವೆ ನೆಟ್‌ವರ್ಕ್ ಕೈಕೊಡುತ್ತದೆ.

ತಯಾರಿಕೆ, ವ್ಯಾಪಾರ, ಕಟ್ಟಡ ಕೆಲಸದವರಿಗೆ ಕಾರ್ಡ್ ಬೇಕೇ ಬೇಕು. ಅಳತೆ 3.5 × 2 ಇಂಚು, ಕಾಗದ 300 ಜಿಎಸ್‌ಎಂ (ಒಂದು ಚದರ ಮೀಟರಿನ ತೂಕ, ಗ್ರಾಂಗಳಲ್ಲಿ), ಮೇಲ್ಮೈ ಮ್ಯಾಟ್. ಹೊಳೆಯುವ ಲ್ಯಾಮಿನೇಶನ್ ಮಾಡಿಸಿದರೆ ಪೆನ್ನು ಹಿಡಿಯುವುದಿಲ್ಲ, ಪಡೆದವರು ಹಿಂಬದಿಯಲ್ಲಿ ‘ಬ್ರಾಕೆಟ್, 2000 ನಗ, ಕೊಟೇಶನ್’ ಎಂದು ಗುರುತು ಹಾಕಿಕೊಳ್ಳಲು ಆಗುವುದಿಲ್ಲ. ಒಂದು ಬದಿ ಕನ್ನಡ, ಒಂದು ಬದಿ ಇಂಗ್ಲಿಷ್ ಇರಲಿ. ಕಾರ್ಡಿನ ಮೇಲೆ ಕ್ಯೂಆರ್ ಹಾಕಿಸುವುದಾದರೆ ಸಂಖ್ಯೆ, ಇಮೇಲ್ ನೇರವಾಗಿ ಕೋಡಿನಲ್ಲೇ ಅಡಕವಾದದ್ದು ಮಾಡಿಸಿ. ‘ಡೈನಮಿಕ್’ ಎಂಬ ಬಗೆಯದು ನಡುವೆ ಒಂದು ಕಂಪನಿಯ ಲಿಂಕಿನ ಮೂಲಕ ಹೋಗುತ್ತದೆ. ಚಂದಾ ಮುಗಿದ ದಿನ ಅಚ್ಚಾದ ಕಾರ್ಡೆಲ್ಲ ಕೆಲಸಕ್ಕೆ ಬಾರದಂತಾಗುತ್ತದೆ.

ಭೇಟಿಯಾದ ಮೇಲೆ ಏನು ಮಾಡಬೇಕು?

ಇಡೀ ಪುಟದಲ್ಲಿ ಒಂದೇ ಒಂದನ್ನು ಪಾಲಿಸುವುದಾದರೆ ಇದನ್ನು ಪಾಲಿಸಿ. ಹೆಚ್ಚಿನ ಪರಿಚಯಗಳು ಸಾಯುವುದು ಭೇಟಿಯ ನಂತರದ ಎರಡು ದಿನಗಳಲ್ಲಿ.

ಮನೆಗೆ ಹೋಗುವ ಬಸ್ಸಿನಲ್ಲೋ ಮೆಟ್ರೊದಲ್ಲೋ ಪ್ರತಿಯೊಬ್ಬರ ಬಗ್ಗೆ ಮೂರು ಸಂಗತಿ ಬರೆದುಕೊಳ್ಳಿ: ಎಲ್ಲಿ ಸಿಕ್ಕರು, ಏನು ಮಾತಾಡಿದಿರಿ, ನೀವು ಏನು ಕಳಿಸುತ್ತೇನೆ ಎಂದಿರಿ. ಫೋನಿನಲ್ಲಿ ಹೆಸರು ಉಳಿಸುವಾಗಲೇ ‘ಇಮ್‌ಟೆಕ್ಸ್ 2025, ಗ್ರೈಂಡಿಂಗ್’ ಎಂದು ಸೇರಿಸಿ. ಬರೀ ಮೊದಲ ಹೆಸರಿನಲ್ಲಿ ಉಳಿಸಿದರೆ ಆರು ತಿಂಗಳಿಗೆ ಮೂವರು ಮಂಜುನಾಥರ ನಡುವೆ ಯಾರೆಂದು ತಿಳಿಯುವುದಿಲ್ಲ.

48 ಗಂಟೆಯೊಳಗೆ ಮೆಸೇಜ್ ಹೋಗಲಿ. ಅದರಲ್ಲಿ ಆ ದಿನದ ಮಾತಿನ ಒಂದು ಎಳೆ ಇರಲಿ, ಕೊಟ್ಟ ಮಾತೂ ನೆರವೇರಲಿ: ‘ಸರ್, ಮಂಗಳವಾರ ಹಾಲ್ 3ರಲ್ಲಿ ಕೂಲೆಂಟ್ ಫಿಲ್ಟರ್ ಬಗ್ಗೆ ಮಾತಾಡಿದ್ದೆವು. ಹೇಳಿದ ಡೇಟಾಶೀಟ್ ಲಗತ್ತಿಸಿದ್ದೇನೆ.’ ಈ ಮೆಸೇಜಿನಲ್ಲಿ ಏನನ್ನೂ ಕೇಳಬೇಡಿ. ಮೊದಲು ಕೊಟ್ಟವರನ್ನು ಜನ ನೆನಪಿಡುತ್ತಾರೆ.

ಆಮೇಲೆ ಒಂದು ಎಕ್ಸೆಲ್ ಹಾಳೆ ಅಥವಾ ನೋಟ್‌ಬುಕ್ಕು: ಹೆಸರು, ಕೆಲಸ, ಕೊನೆಯ ಸಲ ಮಾತಾಡಿದ ದಿನಾಂಕ, ಮುಂದೇನು. ಮುಖ್ಯರಾದ 25–30 ಜನರಿಗೆ ಮೂರು ತಿಂಗಳಿಗೊಮ್ಮೆ, ಉಳಿದವರಿಗೆ ವರ್ಷಕ್ಕೊಮ್ಮೆ. ಯುಗಾದಿ, ದೀಪಾವಳಿಗೆ ಎಲ್ಲರಿಗೂ ಒಂದೇ ಚಿತ್ರ ಹಂಚುವುದು ಲೆಕ್ಕಕ್ಕೆ ಬರುವುದಿಲ್ಲ. ಅದೇ ಹಬ್ಬಕ್ಕೆ ಹೆಸರು ಹಿಡಿದು ಎರಡು ಸಾಲು ಬರೆದರೆ ಬರುತ್ತದೆ.

ವಿಡಿಯೊ ಕರೆ ಮುಖಾಮುಖಿಗೆ ಸಮವೇ?

ಒಬ್ಬರಿಗೊಬ್ಬರು ಮಾತಾಡುವಾಗ ಬಹುಮಟ್ಟಿಗೆ ಹೌದು. ಗುಂಪಿನಲ್ಲಿ ಅಲ್ಲ. ಪರದೆಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬಹುದು, ಪಕ್ಕದವರ ಕಿವಿಯಲ್ಲಿ ಒಂದು ಮಾತು ಹೇಳುವುದಕ್ಕೆ, ಕಾಫಿ ಹಿಡಿದು ಆಕಸ್ಮಿಕವಾಗಿ ಸಿಗುವುದಕ್ಕೆ ದಾರಿಯಿಲ್ಲ. ಪರಿಚಯ ಹುಟ್ಟುವುದು ಅಂಥ ಸಂದುಗಳಲ್ಲಿ. ನೀವೇ ಕರೆ ಏರ್ಪಡಿಸುವುದಾದರೆ 20 ನಿಮಿಷ ಎಂದು ಕೇಳಿ, 18ಕ್ಕೆ ಮುಗಿಸಿ. ಝೂಮ್‌ನ ಉಚಿತ ಖಾತೆ 40 ನಿಮಿಷಕ್ಕೆ ತಾನೇ ಕಡಿದುಹೋಗುತ್ತದೆ. ಹಿರಿಯರ ಜೊತೆ ಮಾತಿನ ನಡುವೆ ಹಾಗಾಗಲು ಬಿಡಬೇಡಿ.

ಹುಬ್ಬಳ್ಳಿ, ಶಿವಮೊಗ್ಗ, ಕಲಬುರಗಿಯಲ್ಲಿ ಇರುವವರು ಏನು ಮಾಡಬೇಕು?

ಆನ್‌ಲೈನ್‌ನಲ್ಲಿ ಆರೆಂಟು ವಾರ ನೆಲ ಹದಮಾಡಿ, ಆಮೇಲೆ ಬೆಂಗಳೂರಿಗೆ ಒಂದು ಸಲ ಬನ್ನಿ. ಸಮ್ಮೇಳನ ಶನಿವಾರವಾದರೆ ಶುಕ್ರವಾರವೇ ಇಳಿದು, ಮೊದಲೇ ಮಾತಾಡಿಕೊಂಡ ಇಬ್ಬರು ಮೂವರನ್ನು ಅವರ ಆಫೀಸಿನ ಹತ್ತಿರದ ಹೋಟೆಲಿನಲ್ಲಿ ಕಾಫಿಗೆ ಭೇಟಿಯಾಗಿ. ಒಬ್ಬರು ವೈಟ್‌ಫೀಲ್ಡ್, ಇನ್ನೊಬ್ಬರು ಎಲೆಕ್ಟ್ರಾನಿಕ್ ಸಿಟಿ ಎಂದರೆ ದಿನವೆಲ್ಲ ರಸ್ತೆಯಲ್ಲೇ ಕಳೆಯುತ್ತದೆ. ಒಂದು ದಿನಕ್ಕೆ ಊರಿನ ಒಂದೇ ದಿಕ್ಕು ಇರಲಿ.

ಊರಿನಲ್ಲೂ ಸಂಸ್ಥೆಗಳಿವೆ: ಹುಬ್ಬಳ್ಳಿಯ ಕರ್ನಾಟಕ ವಾಣಿಜ್ಯೋದ್ಯಮ ಸಂಸ್ಥೆ, ಅಲ್ಲಿನ ದೇಶಪಾಂಡೆ ಸ್ಟಾರ್ಟಪ್ಸ್, ಮಂಗಳೂರಿನ ಕೆನರಾ ವಾಣಿಜ್ಯ ಮತ್ತು ಕೈಗಾರಿಕಾ ಸಂಸ್ಥೆ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾ ಕೈಗಾರಿಕಾ ಕೇಂದ್ರವಿದೆ. ಚಿಕ್ಕ ಊರಿನಲ್ಲಿ ಒಂದು ಲಾಭ ಉಂಟು: ಅದೇ ಜನ ಮತ್ತೆ ಮತ್ತೆ ಸಿಗುತ್ತಾರೆ.

ವಾರಕ್ಕೊಮ್ಮೆ ಸೇರುವ, ಶುಲ್ಕ ಕಟ್ಟುವ ರೆಫರಲ್ ಗುಂಪುಗಳಿಗೆ ಸೇರಬಹುದೇ?

1985ರಲ್ಲಿ ಅಮೆರಿಕದಲ್ಲಿ ಶುರುವಾದ ಬಿಎನ್‌ಐ ಈ ಬಗೆಯಲ್ಲಿ ಹೆಸರಾದದ್ದು. ಒಂದು ಗುಂಪಿನಲ್ಲಿ ಒಂದು ಕಸುಬಿಗೆ ಒಬ್ಬರೇ, ವಾರಕ್ಕೊಂದು ಸಭೆ, ಒಬ್ಬರಿಗೊಬ್ಬರು ಗಿರಾಕಿಗಳನ್ನು ಕಳಿಸಿಕೊಡುವುದು. ಇಂಟೀರಿಯರ್, ವಿಮೆ, ಲೆಕ್ಕಪತ್ರ, ಕೇಟರಿಂಗ್‌ನಂಥ, ಊರಿನ ಜನರೇ ಗಿರಾಕಿಯಾಗುವ ಕಸುಬಿಗೆ ಇದು ಹೊಂದುತ್ತದೆ. ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಪೂರೈಸುವವರಿಗೆ ಅಷ್ಟಾಗಿ ಹೊಂದದು, ಅವರ ಗಿರಾಕಿ ಆ ಕೋಣೆಗೆ ಬರುವುದಿಲ್ಲ. ಲೆಕ್ಕ ಹಾಕುವಾಗ ಶುಲ್ಕದ ಜೊತೆ ಹೊತ್ತನ್ನೂ ಸೇರಿಸಿ: ವಾರಕ್ಕೆ ಒಂದೂವರೆ ಗಂಟೆಯಂತೆ 50 ವಾರಕ್ಕೆ 75 ಗಂಟೆ. ಮೊದಲು ಅತಿಥಿಯಾಗಿ ಹೋಗಿ, ಸದಸ್ಯರಲ್ಲಿ ಇಬ್ಬರನ್ನು ಪಕ್ಕಕ್ಕೆ ಕರೆದು ಕಳೆದ ಮೂರು ತಿಂಗಳಲ್ಲಿ ಬಂದ ಆರ್ಡರ್ ಎಷ್ಟು ಎಂದು ನೇರವಾಗಿ ಕೇಳಿ.

ಹೆಣ್ಣುಮಕ್ಕಳು ಮೊದಲ ಭೇಟಿಗೆ ಏನು ಎಚ್ಚರ ವಹಿಸಬೇಕು?

ಹಗಲು ಹೊತ್ತು, ಜನ ಓಡಾಡುವ ಜಾಗ, ಅಥವಾ ಅವರ ಆಫೀಸಿನ ರಿಸೆಪ್ಶನ್. ಯಾರನ್ನು ಎಲ್ಲಿ ಭೇಟಿಯಾಗುತ್ತಿದ್ದೀರಿ ಎಂದು ಮನೆಯಲ್ಲೋ ಗೆಳತಿಗೋ ತಿಳಿಸಿ, ಫೋನಿನ ಲೊಕೇಶನ್ ಹಂಚಿಕೊಳ್ಳಿ. ಕೆಲಸದ ಮಾತಿಗೆ ಬಂದವರು ರಾತ್ರಿ ಹತ್ತರ ನಂತರ ವಾಟ್ಸಾಪ್ ಮಾಡತೊಡಗಿದರೆ, ಫೋಟೊ ಬಗ್ಗೆ ಹೊಗಳಿಕೆ ಬಂದರೆ, ಬ್ಲಾಕ್ ಮಾಡಲು ಯಾವ ದಾಕ್ಷಿಣ್ಯವೂ ಬೇಡ. ಆ ಒಬ್ಬರನ್ನು ದೂರವಿಟ್ಟರೆ ಯಾವ ಅವಕಾಶವೂ ಕೈತಪ್ಪುವುದಿಲ್ಲ. ಲಿಂಕ್ಡ್‌ಇನ್‌ನಲ್ಲಿ ಆ ಮೆಸೇಜನ್ನೇ ಹಿಡಿದು ದೂರು ಕೊಡುವ ಆಯ್ಕೆಯೂ ಇದೆ.

ಆನ್‌ಲೈನ್ ಪರಿಚಯದಲ್ಲಿ ಮೋಸ ಹೇಗೆ ಗುರುತಿಸುವುದು?

ದುಡ್ಡು. ನೋಂದಣಿ, ತರಬೇತಿ, ಲ್ಯಾಪ್‌ಟಾಪ್ ಠೇವಣಿ, ವೀಸಾ, ಯಾವ ಹೆಸರಿನಲ್ಲೇ ಆಗಲಿ ಕೆಲಸ ಕೊಡಲು ಹಣ ಕೇಳಿದರೆ ಅಲ್ಲಿಗೆ ನಿಲ್ಲಿಸಿ. ಪರಿಚಯವಾದ ದಿನವೇ ಮಾತನ್ನು ಟೆಲಿಗ್ರಾಮಿಗೆ ಒಯ್ಯುವವರು, ವಿಡಿಯೊ ಲೈಕ್ ಮಾಡಿದರೆ ದಿನಕ್ಕಿಷ್ಟು ಎನ್ನುವವರು, ಕಂಪನಿಯ ಹೆಸರಿದ್ದೂ ಉಚಿತ ಇಮೇಲಿನಿಂದ ಆಫರ್ ಪತ್ರ ಕಳಿಸುವವರು ಎಲ್ಲರೂ ಇದೇ ಸಾಲಿನವರು. ಅನುಮಾನ ಬಂದರೆ ಅವರು ಕೊಟ್ಟ ಸಂಖ್ಯೆಗೆ ಫೋನ್ ಮಾಡಬೇಡಿ, ಕಂಪನಿಯ ಜಾಲತಾಣದಲ್ಲಿರುವ ಸಂಖ್ಯೆಗೆ ಮಾಡಿ ವಿಚಾರಿಸಿ.

ವಿದೇಶದ ಕೆಲಸಕ್ಕೆ ಕಳಿಸುವ ಏಜೆಂಟರು ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಂದಾಯಿತರಾಗಿರಬೇಕು. ಅವರು ಪಡೆಯಬಹುದಾದ ಸೇವಾಶುಲ್ಕದ ಮಿತಿ ₹30,000 ಮತ್ತು ಅದರ ಮೇಲಿನ ಜಿಎಸ್‌ಟಿ. ಪೋರ್ಟಲಿನಲ್ಲಿ ಹೆಸರು ಹುಡುಕಿ ನೋಡಲು ಹಣ ಕೊಡಬೇಕಿಲ್ಲ. ಆ ದೇಶದ ಕನ್ನಡ ಕೂಟದಲ್ಲಿ ಅದೇ ಊರಿನಲ್ಲಿರುವವರನ್ನು ಕೇಳಿದರೆ ಕಂಪನಿ ನಿಜಕ್ಕೂ ಇದೆಯೇ ಎಂಬುದೂ ತಿಳಿಯುತ್ತದೆ.

ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಬ್ಯಾಂಕಿನ ವಹಿವಾಟು ಸಂಖ್ಯೆ ಕೈಯಲ್ಲಿರಲಿ. ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಹಾರಿ ನಗದಾಗುವ ಮೊದಲು ತಡೆಹಿಡಿಯಲು ಸಾಧ್ಯ, ಅದಕ್ಕೇ ಮೊದಲ ಒಂದೆರಡು ಗಂಟೆ ಅಷ್ಟು ಮುಖ್ಯ. ಚಾಟ್ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ರಾಷ್ಟ್ರೀಯ ಸೈಬರ್ ಅಪರಾಧ ಪೋರ್ಟಲಿನಲ್ಲೂ ದೂರು ದಾಖಲಿಸಿ.